ಹಸಿರು ಶಾಲಿನ ಹಿಂದೆ

ಕಂಪಲಾಪುರದ ಗುರುಮಲ್ಲಪ್ಪನಿಗೆ ಮೊಮ್ಮಕ್ಕಳ ಹೆಸರು ಮರೆತು ಎರಡು ವರ್ಷವಾಗಿತ್ತು. ಆಮೇಲಾಮೇಲೆ ಬಚ್ಚಲು ಯಾವ ಕಡೆ ಅನ್ನುವುದೂ ಮರೆಯತೊಡಗಿತು. ಮಗ ಕೈಗೆ ಕೊಟ್ಟ ಫೋನನ್ನು ಒಂದು ದಿನ ಸೌದೆ ತುಂಡು ಅಂದುಕೊಂಡು ಹೊಗೆಸೊಪ್ಪು ಬೇಯಿಸಿ ಒಣಗಿಸುವ ಬ್ಯಾರನ್ ಒಲೆಗೆ ಹಾಕಿ, ಉರಿ ಯಾಕೆ ವಾಸನೆ ಬರ್ತಾ ಇದೆ ಅಂತ ಎಲ್ಲರನ್ನೂ ಕೇಳಿದ್ದ. ಆದರೆ ಎರಡು ಸಂಗತಿ ಮಾತ್ರ ಆತನ ತಲೆಯಿಂದ ಜಾರಿರಲಿಲ್ಲ. ಒಂದು ಬೆಳಗಿನ ಲಿಂಗಪೂಜೆ, ಇನ್ನೊಂದು ಡೆಲ್ಲಿ.

ಪೂಜೆ ಆಗದೆ ಬಾಯಿಗೆ ತೊಟ್ಟು ನೀರು ಬಿಡುವ ಮನುಷ್ಯನಲ್ಲ ಅವನು. ಮಿಂದು ಬಂದು ಕೊರಳ ಕರಡಿಗೆ ಬಿಚ್ಚಿ, ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಕೂರುತ್ತಿದ್ದ. ಮೊದಲೆಲ್ಲ ಮುಂದಿನದನ್ನೂ ತಾನೇ ಮಾಡಿಕೊಳ್ಳುತ್ತಿದ್ದ. ಮರೆವು ಹತ್ತಿದ ಮೇಲೆ ಪೂಜೆ ಅಲ್ಲಿಗೆ ಬಂದು ನಿಂತುಬಿಡುತ್ತಿತ್ತು. ಆಗ ಬಲಗೈಯನ್ನು ಹೆಂಡತಿ ಮಂಗಳಮ್ಮನ ಕಡೆ ಚಾಚಿ ಸುಮ್ಮನೆ ಕಾಯುತ್ತಿದ್ದ. ಅವಳು ಬಂದು ಲಿಂಗದ ಮೇಲೆ ಚೊಂಬಿನಿಂದ ಎರಡು ಹನಿ ನೀರು ಬಿಟ್ಟು, ಚಾಚಿದ ಕೈಗೆ ವಿಭೂತಿ ಗಟ್ಟಿ ಇಟ್ಟರೆ ಸರಿ, ಕೈ ತಾನಾಗಿ ಓಡುತ್ತಿತ್ತು, ಬಾಯಲ್ಲಿ ಮಂತ್ರವೂ ಬರುತ್ತಿತ್ತು. ಅವಳು ಹಾಲು ಕರೆಯುತ್ತಿದ್ದರೆ ಕರೆದು ಮುಗಿಸುವ ತನಕ ಕೈ ಚಾಚಿದ್ದು ಚಾಚಿದ್ದೇ. ಬೇರೆಯವರು ವಿಭೂತಿ ಕೊಟ್ಟರೂ ತೆಗೆದುಕೊಳ್ಳುತ್ತಿದ್ದ, ಯಾರಾದರೂ ಕೊಡಬೇಕಷ್ಟೆ.

ಇನ್ನು ಡೆಲ್ಲಿಯ ಕತೆ. ಮೂವತ್ತೈದು ವರ್ಷದ ಹಿಂದೆ ರೈತ ಸಂಘದವರ ಜೊತೆ ಹಸಿರು ಶಾಲು ಹೊದ್ದು ಹೋಗಿ ಬಂದವನು, ಬ್ಯಾರನ್‌ಗೆ ಉರಿ ಹಾಕುವ ದಿನಗಳಲ್ಲಿ ಒಲೆ ಬಾಯಿ ಮುಂದೆ ಕೂತು ಅದನ್ನು ಎಷ್ಟು ಸಲ ಹೇಳಿದ್ದನೋ ಲೆಕ್ಕವಿಲ್ಲ.

"ದಾರಿ ತಪ್ಪೋಯ್ತು ಕಣೇ ಮಂಗಳಾ. ಭಾಷೆ ಇಲ್ಲ, ದಿಕ್ಕಿಲ್ಲ. ರಸ್ತೆಗಳು ನೋಡು, ನಮ್ಮೂರ್ ಕೆರೆ ಅಷ್ಟಗಲ. ಅಷ್ಟೊತ್ಗೆ ಒಂದು ಹಸಿರು ಶಾಲು ಕಾಣ್ತು. ಯಾರೋ ಏನೋ, ಅದರ ಹಿಂದೇನೇ ಹೋದೆ. ಹತ್ರ ಹೋಗಿ ನೋಡಿದ್ರೆ ನಮ್ಮ ಗಾವಡಗೆರೆ ಸಣ್ಣಯ್ಯ. ಇಬ್ರೂ ತಬ್ಕೊಂಡು ಅತ್ತೋ."

ಈಗಲೂ ಈ ಕತೆಯನ್ನು ಒಂದು ಅಕ್ಷರ ತಪ್ಪದೆ ಹೇಳುತ್ತಿದ್ದ. ಹೇಳುವಾಗ ಕಣ್ಣಲ್ಲಿ ಹಳೆಯ ಗುರುಮಲ್ಲಪ್ಪ ಬಂದು ಕೂತಿರುತ್ತಿದ್ದ. ಮಂಗಳಮ್ಮನಿಗೆ ಆಸೆ ಹುಟ್ಟಿದ್ದೇ ಅದನ್ನು ನೋಡಿ.

ಈ ವರ್ಷ ಹೊಗೆಸೊಪ್ಪಿನ ಹರಾಜು ಮುಗಿದ ಮೇಲೆ, ಸಂಘದ ತಾಲ್ಲೂಕು ಮುಖಂಡ ಸೋಮಶೇಖರ್ ಡೆಲ್ಲಿಗೆ ಹೋಗೋರ ಹೆಸರು ಬರೆದುಕೊಳ್ಳಲು ಮನೆಮನೆ ತಿರುಗುತ್ತಿದ್ದ. ದೇಶದ ಎಲ್ಲ ಕಡೆಯ ರೈತರೂ ಅಲ್ಲಿ ಸೇರುತ್ತಾರೆ ಅಂದ. ಮಂಗಳಮ್ಮ ಅವನಿಗೆ ಕಾಫಿ ಕೊಟ್ಟು, "ನಮ್ಮಿಬ್ರ ಹೆಸ್ರೂ ಬರ್ಕೊ ಸೋಮಣ್ಣ" ಅಂದಳು.

"ದೊಡ್ಡಮ್ಮಾ, ದೊಡ್ಡಪ್ಪನ್ನ ಕರ್ಕೊಂಡಾ?"

"ಅವ್ರಿಗಾಗೇ ಬತ್ತಿರೋದು ನಾನು. ಆ ಜಾಗ ಕಣ್ಣಿಗೆ ಬಿದ್ರೆ ಗ್ಯಾಪ್ಕ ಏನಾರ ತಿರುಗ್ಬೋದು ಕಣಪ್ಪ. ಡಾಕ್ಟ್ರು ಹಳೇದೆಲ್ಲ ಮಾತಾಡ್ಸಿ ಅಂದವ್ರೆ. ಬಾಯಲ್ಲಿ ಮಾತಾಡ್ಸೋದ್ಕಿಂತ ಒಂದ್ಸಲ ತೋರ್ಸೇ ಬುಡಾನ ಅಂತ."

ಗಾವಡಗೆರೆಗೆ ಕೊಟ್ಟ ಮಗಳು ಪುಷ್ಪಾ ಸುದ್ದಿ ಕೇಳಿ ಫೋನಿನಲ್ಲೇ ಜಗಳಕ್ಕೆ ನಿಂತಳು. "ನಿನ್ಗೇನವ್ವ ಬಂದಿರೋದು? ಪಿರಿಯಾಪಟ್ಣದ ಸಂತೇಲೇ ಅಪ್ಪನ್ನ ಹುಡುಕ್ಕೊಂಡು ಬಂದಿದ್ದೀವಿ. ಡೆಲ್ಲಿ ಅಂದ್ರೆ ಸಂತೆನಾ?"

"ಸುಮ್ನಿರವ್ವ. ಸಂತೇಲಿ ಎಲ್ರೂ ಬಣ್ಣಬಣ್ಣದ ಬಟ್ಟೆ. ಅಲ್ಲಿ ನಮ್ಮೋರೆಲ್ಲ ಹಸಿರು ಶಾಲು. ನಿಮ್ಮಪ್ಪ ಮರೆಯೋ ವಿಷ್ಯ ಅಲ್ಲ ಅದು."

ರೈಲಿನಲ್ಲಿ ಎರಡು ರಾತ್ರಿ. ಎದುರು ಸೀಟಿನಲ್ಲಿ ಎಚ್.ಡಿ. ಕೋಟೆ ಕಡೆಯ ಎನ್. ಬೇಗೂರಿನ ಚಿಕ್ಕಮಾದು. ಹಿಂದೆ ಶುಂಠಿ ಲಾರಿಗಳ ಜೊತೆ ನಾಗಪುರದವರೆಗೆ ಓಡಾಡಿದವನಾದ್ದರಿಂದ ಗುಂಪಿಗೆಲ್ಲ ಹಿಂದಿ ಅವನೇ. ಆನೆ ಬಂದು ಗದ್ದೆ ತುಳಿಯೋದನ್ನ ಡೆಲ್ಲಿಗೆ ಹೇಳಬೇಕು ಅಂತ ಹೊರಟಿದ್ದ.

"ಹೇಳಿ ಬತ್ತೀನಿ ಕಣಕ್ಕ, ಹೇಳದೆ ಬುಡಾಕಿಲ್ಲ. ಆದ್ರೆ ನಾನು ಈಗ ಇಲ್ಲಿ ರೈಲಲ್ಲಿ ಇರೋ ಸುದ್ದಿ ಆನೆಗೆ ಗೊತ್ತಾಗ್ಬಾರ್ದು. ಗೊತ್ತಾದ್ರೆ ಇವತ್ತೇ ಬಂದು ಬಾಳೆ ಮುಗಿಸ್ಬುಡ್ತದೆ."

ಗುರುಮಲ್ಲಪ್ಪ ನಕ್ಕ. ಒಂದು ಗಳಿಗೆ ಬಿಟ್ಟು, "ಯಾವ ಆನೆ?" ಅಂದ. ಚಿಕ್ಕಮಾದು ಬೇಜಾರು ಮಾಡಿಕೊಳ್ಳದೆ ಇನ್ನೊಂದು ಸಲ ಹೇಳಿದ. ಇನ್ನೊಂದು ಸಲ ನಕ್ಕ. ಭೋಪಾಲ್ ದಾಟುವ ಹೊತ್ತಿಗೆ ಆ ಆನೆ ಕತೆ ಏಳು ಸಲವಾಗಿತ್ತು, ಏಳು ಸಲವೂ ಹೊಸದಾಗಿ ನಕ್ಕಿದ್ದ. ಹಿಂಗೆ ಜನರ ಮಧ್ಯೆ ನಗುತ್ತಾ ಕೂತು ಎಷ್ಟು ಕಾಲವಾಯಿತು ಅಂತ ಮಂಗಳಮ್ಮನಿಗೆ ಒಳಗೊಳಗೇ ಹಿಗ್ಗು.

ಭಾನುವಾರ ಡೆಲ್ಲಿ ಸೇರಿ ಧರ್ಮಶಾಲೆಯಲ್ಲಿ ಗಂಟುಮೂಟೆ ಇಳಿಸಿದರು. ಸಾಯಂಕಾಲ ಇಂಡಿಯಾ ಗೇಟು ನೋಡಲು ಹೋದರು. ಮಂಗಳಮ್ಮ ಗಂಡನ ಮುಖವನ್ನೇ ನೋಡುತ್ತಿದ್ದಳು. ಅವನು ಆ ಕಲ್ಲಿನ ಕಮಾನನ್ನು ನೋಡಿದ, ಸುತ್ತಲ ಹುಲ್ಲು ನೋಡಿದ. ಹುಲ್ಲಿನ ಮೇಲೆ ಕುಕ್ಕುರುಗಾಲಲ್ಲಿ ಕೂತು ಅಂಗೈಯಿಂದ ಸವರಿದ.

"ಇಲ್ಲೇ ಮಲಗಿದ್ದೋ" ಅಂದ. "ಸಣ್ಣಯ್ಯ ಈ ಕಡೆ, ನಾನು ಆ ಕಡೆ. ಮಂಜು ಬಿದ್ದು ಶಾಲೆಲ್ಲ ಒದ್ದೆ."

ಇದು ಬ್ಯಾರನ್ ಮುಂದೆ ಯಾವತ್ತೂ ಹೇಳದ ಮಾತು. ಮಂಗಳಮ್ಮ ಅವನ ಪಕ್ಕದಲ್ಲೇ ಹುಲ್ಲಿನ ಮೇಲೆ ಕೂತಳು. "ಇನ್ನೇನ್ ಗ್ಯಾಪ್ಕ ಬತ್ತದೆ ಹೇಳಿ?"

ಗುರುಮಲ್ಲಪ್ಪ ಅವಳನ್ನು ದಿಟ್ಟಿಸಿ ನೋಡಿದ. "ನೀನು ಮಂಗಳಾ ಅಲ್ವಾ? ಯಾಕೆ ಹಿಂಗೆ ಮುದುಕಿ ಆಗ್ಬುಟ್ಟೆ?"

ಸುತ್ತ ಇದ್ದವರೆಲ್ಲ ನಕ್ಕರು. ಅವಳೂ ನಕ್ಕಳು. ಸೋಮಶೇಖರ್ ಫೋನಿನಲ್ಲಿ ಗಂಡಹೆಂಡಿರ ಫೋಟೋ ಹಿಡಿದ. ಅವತ್ತು ಪುಷ್ಪಾಗೆ ಫೋನು ಮಾಡಿ, "ನಾನು ಹೇಳ್ಲಿಲ್ವಾ ನಿನ್ಗೆ?" ಅಂತ ಗರ್ವದಿಂದ ಅಂದಳು. ಆ ಗರ್ವವನ್ನು ಆಮೇಲೆ ನೆನೆದು ನೆನೆದು ಬೆಂದಳು.

ಬೆಳಗಾದರೆ ಸೋಮವಾರ, ಅವರ ಕಡೆ ಶಿವನ ವಾರ. ಸೋಮವಾರದ ಪೂಜೆಗೆ ಒಗೆದ ಬಟ್ಟೆಯೇ ಆಗಬೇಕು. ಮಂಗಳಮ್ಮ ಧರ್ಮಶಾಲೆಯ ನಲ್ಲಿಯಡಿ ಗಂಡನಿಗೆ ನೀರು ಹಾಕಿ, ರೈಲಿನಲ್ಲಿ ಹಾಕಿದ್ದ ಅಂಗಿಯನ್ನು ಬಕೆಟ್ಟಿನ ಸೋಪಿನ ನೀರಿಗೆ ಅದ್ದಿ, ಬಿಳಿ ಅಂಗಿ ತೊಡಿಸಿದಳು. ನೀರು ಬಿಟ್ಟಳು, ವಿಭೂತಿ ಕೊಟ್ಟಳು. ಪೂಜೆ ಆಯಿತು. ಅವಲಕ್ಕಿ ತಿಂದ. ಹೆಗಲ ಮೇಲೆ ಹಸಿರು ಶಾಲು ಹೊದಿಸಿ ನೋಡಿದರೆ ಮದುವಣಿಗನ ಹಾಗೆ ಕಾಣುತ್ತಿದ್ದ.

ಅವಳ ಫೋನ್ ನಂಬರು, ಊರು, ಸೋಮಶೇಖರನ ನಂಬರು ಎಲ್ಲ ಬರೆದು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಜೇಬಿಗೆ ಪಿನ್ನು ಹಾಕಿದ್ದ ಚೀಟಿ, ಬಕೆಟ್ಟಿನೊಳಗಿನ ಅಂಗಿಯಲ್ಲಿ ಉಳಿದಿತ್ತು.

ರೈತರೆಲ್ಲ ಸೇರುವ ಮೈದಾನಕ್ಕೆ ಹೋಗುವ ಹೊತ್ತಿಗೆ ಬಿಸಿಲು ಏರಿತ್ತು. ಶಾಮಿಯಾನದ ಕೆಳಗೆ ಜನ, ಶಾಮಿಯಾನದ ಆಚೆ ಜನ. ನಮ್ಮ ಕಡೆಯವರು ಒಂದು ಮೂಲೆಯಲ್ಲಿ ಕೂತರು. ಪಕ್ಕದಲ್ಲೇ ಉತ್ತರದ ಕಡೆಯ ಯಾವುದೋ ರಾಜ್ಯದ ರೈತರು. ಅವರ ತಲೆಗೂ ಹಸಿರು ಪೇಟ, ಹೆಗಲಿಗೂ ಹಸಿರು ಬಟ್ಟೆ. ಅದರಾಚೆ ಹಸಿರು ಟೋಪಿಯವರು. ಚಿಕ್ಕಮಾದು ಎದ್ದು ನಿಂತು ಕಣ್ಣಿಗೆ ಕೈ ಅಡ್ಡ ಹಿಡಿದು, "ಎಲ್ಲಾ ನಮ್ದೇ ಪೈರು ಕಣಕ್ಕ, ಮೊಳಕೆ ಒಡ್ದಂಗೆ ಒಡ್ದವ್ರೆ" ಅಂದ. ಮಂಗಳಮ್ಮನಿಗೂ ಅದು ಧೈರ್ಯದ ಹಾಗೇ ಕಂಡಿತು.

ಹನ್ನೊಂದು ಗಂಟೆ ಸುಮಾರಿಗೆ ಅವಳಿಗೆ ಹೆಂಗಸರ ಪಾಯಿಖಾನೆಗೆ ಹೋಗಲೇಬೇಕಾಯಿತು. ಗಂಡನನ್ನು ಚಿಕ್ಕಮಾದು ಪಕ್ಕ ಕೂರಿಸಿ, ಮಗುವಿಗೆ ಹೇಳುವ ಹಾಗೆ ಗದ್ದ ಹಿಡಿದು ಹೇಳಿದಳು:

"ಇಲ್ಲಿ ಕೇಳಿ. ಅಲ್ಲಾಡ್ಬೇಡಿ. ಹಂಗೂ ಎದ್ರೆ, ಹಸಿರು ಶಾಲು ಬುಟ್ಟು ಎಲ್ಲೂ ಹೋಗ್ಬೇಡಿ. ಏನಂದೆ?"

"ಹಸಿರು ಶಾಲು ಬುಟ್ಟು ಹೋಗಲ್ಲ" ಅಂದ ಗುರುಮಲ್ಲಪ್ಪ.

ಪಾಯಿಖಾನೆ ಮುಂದಿನ ಸಾಲು ಕರಗಲು ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟರಲ್ಲಿ ವೇದಿಕೆಯಿಂದ ಯಾರೋ ಮೈಕಿನಲ್ಲಿ ಏನೋ ಕೂಗಿದರು, ಪಕ್ಕದ ಪೇಟದವರೆಲ್ಲ ಘೋಷಣೆ ಹಾಕುತ್ತಾ ಎದ್ದು ಹೊರಟರು. ಚಿಕ್ಕಮಾದು ಆನೆಯ ಅರ್ಜಿಯನ್ನು ಪತ್ರಿಕೆಯವನೊಬ್ಬನಿಗೆ ತೋರಿಸುತ್ತಾ ಐದು ನಿಮಿಷ ಆ ಕಡೆ ತಿರುಗಿದ್ದ. ತಿರುಗಿ ನೋಡಿದರೆ ಪಕ್ಕದಲ್ಲಿ ಹಾಸಿದ್ದ ಜಮಖಾನೆ ಮಾತ್ರ ಇತ್ತು.

ಮಂಗಳಮ್ಮ ಮೊದಲು ಗಾಬರಿಯಾಗಲಿಲ್ಲ. ಹಸಿರು ಶಾಲು ಹುಡುಕಿದರೆ ಸಿಗುತ್ತಾರೆ ಅಂತ ನಾಲ್ಕು ಹೆಜ್ಜೆ ಇಟ್ಟು ತಲೆ ಎತ್ತಿದಳು. ಮೈದಾನದ ತುಂಬ ಹಸಿರು ಶಾಲು. ಒಂದೊಂದನ್ನೇ ಹಿಡಿದು ಜಗ್ಗಿ ಮುಖ ನೋಡುತ್ತಾ ಹೋದಳು. ಮೀಸೆಯ ಮುಖ, ಗಡ್ಡದ ಮುಖ, ಎಳೆಯ ಮುಖ. ಕೆಲವರು ಬೈದರು, ಕೆಲವರು ಕೈ ಮುಗಿದರು. ಎಷ್ಟೋ ಮುಖ ನೋಡಿದರೂ ಗಂಡನ ಮುಖ ಸಿಗಲಿಲ್ಲ.

ಪೊಲೀಸ್ ಠಾಣೆಯಲ್ಲಿ ವಯಸ್ಸಾದ ಒಬ್ಬ ಜಮಾದಾರ ಕುರ್ಚಿ ಕೊಟ್ಟು, ನೀರು ಕೊಟ್ಟು, ಒಳ್ಳೆಯ ಮಾತಿನಲ್ಲೇ ಕೇಳಿದ. ಚಿಕ್ಕಮಾದು ಹಿಂದಿಯಿಂದ ಕನ್ನಡಕ್ಕೆ, ಕನ್ನಡದಿಂದ ಹಿಂದಿಗೆ ದಾಟಿಸುತ್ತಿದ್ದ.

"ಏನು ಬಟ್ಟೆ ಹಾಕಿದ್ರು ಅಂತಾನೆ ಅಕ್ಕ."

"ಬಿಳಿ ಅಂಗಿ, ಪಂಚೆ, ಹಸಿರು ಶಾಲು."

ಜಮಾದಾರ ಬರೆಯುವುದು ಬಿಟ್ಟು ಕಿಟಕಿ ಕಡೆ ನೋಡಿದ. ಹೊರಗೆ ರಸ್ತೆಯಲ್ಲಿ ನೂರಾರು ಜನ ಹಸಿರು ಹೊದ್ದು ನಡೆಯುತ್ತಿದ್ದರು.

"ಬೇರೆ ಗುರುತು ಕೇಳ್ತಾನೆ."

"ಕೊರಳಲ್ಲಿ ಲಿಂಗ ಐತೆ ಅನ್ನು. ಬೆಳ್ಳಿ ಕರಡಿಗೇಲಿ."

ಚಿಕ್ಕಮಾದು ತನಗೆ ಬಂದ ಹಿಂದಿಯಲ್ಲಿ ಶಿವ, ಬೆಳ್ಳಿ, ಡಬ್ಬಿ ಅಂತೆಲ್ಲ ಕೈಸನ್ನೆ ಮಾಡಿ ಹೇಳಿದ. ಜಮಾದಾರ ಬೆಳ್ಳಿ ಸರ ಅಂತ ಬರೆದುಕೊಂಡ.

"ಮಾತಾಡಿದ್ರೆ ಯಾರಿಗಾದ್ರೂ ಅರ್ಥ ಆಗ್ತದಾ ಅಂತಾನೆ."

ಮಂಗಳಮ್ಮ ಮಡಿಲಲ್ಲಿ ಕೈಯಿಟ್ಟುಕೊಂಡು ನೆಲ ನೋಡಿದಳು. "ಇಲ್ಲ" ಅಂದಳು.

ಧರ್ಮಶಾಲೆಗೆ ವಾಪಸು ಬಂದು, ಒದ್ದೆ ಅಂಗಿ ಹಿಂಡುವಾಗ ಜೇಬಿನಲ್ಲಿ ಪ್ಲಾಸ್ಟಿಕ್ಕು ಕೈಗೆ ಸಿಕ್ಕಿತು. ಒಳಗಿನ ಚೀಟಿ ಒಂದಿಷ್ಟೂ ನೆನೆದಿರಲಿಲ್ಲ. ಅಷ್ಟು ಜೋಪಾನವಾಗಿ ಸುತ್ತಿದ್ದಳು. ಪಕ್ಕದಲ್ಲೇ ಪೂಜೆಯ ಚೀಲ, ಚೀಲದೊಳಗೆ ಚೊಂಬು, ವಿಭೂತಿ ಗಟ್ಟಿ. ಅವಳಿಗೆ ಆಗ ಹೊಳೆಯಿತು. ನಾಳೆ ಬೆಳಗ್ಗೆ ಆ ಮನುಷ್ಯ ಎಲ್ಲೇ ಇದ್ದರೂ ಲಿಂಗ ತೆಗೆದು ಅಂಗೈಯಲ್ಲಿಟ್ಟುಕೊಂಡು ಬಲಗೈ ಚಾಚುತ್ತಾರೆ. ಯಾರ ಮುಂದೆ?

ಮಂಗಳವಾರವೆಲ್ಲ ಸುತ್ತಿದರು. ಆಸ್ಪತ್ರೆಗಳು, ಬಸ್ ನಿಲ್ದಾಣ, ರೈಲ್ವೆ ಸ್ಟೇಷನ್ನುಗಳ ಕಟ್ಟೆಗಳು. ಸೋಮಶೇಖರ್ ಫೋನಿನಲ್ಲಿದ್ದ ಇಂಡಿಯಾ ಗೇಟಿನ ಫೋಟೋವನ್ನು ಎಲ್ಲರ ಕಣ್ಣಿಗೂ ಹಿಡಿದ. ಫೋಟೋದಲ್ಲಿ ಗುರುಮಲ್ಲಪ್ಪ ಹಲ್ಲು ಕಾಣುವ ಹಾಗೆ ನಗುತ್ತಿದ್ದ, ಹಾಗಾಗಿ ನೋಡಿದವರೂ ಮೊದಲು ನಗುತ್ತಿದ್ದರು, ಆಮೇಲೆ ತಲೆಯಾಡಿಸುತ್ತಿದ್ದರು. ಮಂಗಳಮ್ಮ ತಿನ್ನಲು ಏನು ಕೊಟ್ಟರೂ ಮುಟ್ಟಲಿಲ್ಲ.

"ಒಂದು ಬನ್ನಾದ್ರೂ ತಿನ್ನಿ ದೊಡ್ಡಮ್ಮ. ನೀವು ಬಿದ್ರೆ ಹುಡುಕೋರು ಯಾರು?" ಅಂದ ಸೋಮಶೇಖರ್.

"ಅವ್ರು ಉಂಡಿಲ್ಲ ಕಣಪ್ಪ."

"ನಿಮ್ಗೆಂಗೆ ಗೊತ್ತು? ಇಲ್ಲಿ ಬೇಕಾದಂಗೆ ಊಟ ಕೊಡ್ತಾವ್ರೆ ದಾರಿಲೆಲ್ಲ."

"ಊಟ ಕೊಡ್ತಾರೆ. ಬೂದಿ ಯಾರು ಕೊಡ್ತಾರೆ?"

ಸೋಮಶೇಖರನೂ ಅದೇ ಪೂಜೆಯ ಮನೆಯವನು. ಬನ್ನನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿದ.

ಬುಧವಾರ ಸಾಯಂಕಾಲಕ್ಕೆ ವಾಪಸು ರೈಲು. ಬೆಳಗ್ಗೆ ಹತ್ತು ಗಂಟೆಗೆ ಮೈದಾನದಿಂದ ಮೂರು ಮೈಲಿ ಆಚೆ ಒಂದು ಗುರುದ್ವಾರದ ಊಟದ ಪಡಸಾಲೆಯಲ್ಲಿ, ರೊಟ್ಟಿ ಲಟ್ಟಿಸುತ್ತಿದ್ದ ಒಬ್ಬ ಮುದುಕಿ ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಲಟ್ಟಣಿಗೆ ಕೆಳಗಿಟ್ಟಳು. ನಗಲಿಲ್ಲ.

ಅವಳು ಮಾತಾಡತೊಡಗಿದಳು. ಚಿಕ್ಕಮಾದು ಕೇಳುತ್ತಾ ಕೇಳುತ್ತಾ ಹೇಳುವುದನ್ನು ನಿಲ್ಲಿಸಿಬಿಟ್ಟ.

"ಏನಂತಾಳೆ? ಏಯ್, ಏನಂತಾಳೆ ಹೇಳಪ್ಪ."

"ಸೋಮವಾರ ಸಾಯಂಕಾಲ ರೈತರ ಗುಂಪಿನ ಜೊತೆ ಬಂದ್ರಂತೆ ಅಕ್ಕ. ಇಲ್ಲೇ ಮಲಗಿದ್ರಂತೆ. ಗುಂಪಿನವರು ದೊಡ್ಡಪ್ಪನ್ನ ಗುರುದ್ವಾರದೋರು ಅಂದ್ಕೊಂಡವ್ರೆ, ಗುರುದ್ವಾರದೋರು ಗುಂಪಿನೋರು ಅಂದ್ಕೊಂಡವ್ರೆ."

"ಆಮೇಲೆ?"

"ನೆನ್ನೆ ಬೆಳಗ್ಗೆ ಮುಖ ತೊಳ್ಕೊಂಡು ಬಂದು ಆ ಕಂಬದ ಹತ್ರ ಕೂತ್ರಂತೆ."

ಮುದುಕಿ ತಾನೇ ಎದ್ದಳು. ಮಾತು ಸಾಲದೆಂದು ಕಂಬದ ಬುಡಕ್ಕೆ ಹೋಗಿ ಚಕ್ಕಳಮಕ್ಕಳ ಕೂತು, ಎಡ ಅಂಗೈಯನ್ನು ಎದೆಯ ಮಟ್ಟಕ್ಕೆ ಹಿಡಿದಳು. ಬಲಗೈಯನ್ನು ಮುಂದೆ ಚಾಚಿದಳು. ಕತ್ತನ್ನು ಒಂದಿಷ್ಟು ಓರೆ ಮಾಡಿದಳು. ಅದು ಥೇಟು ಗುರುಮಲ್ಲಪ್ಪನೇ.

"ಇವ್ಳು ಕೈಗೆ ರೊಟ್ಟಿ ಇಟ್ಟಳಂತೆ" ಅಂದ ಚಿಕ್ಕಮಾದು, ಗೋಡೆ ನೋಡುತ್ತಾ. "ರೊಟ್ಟಿನ ಪಕ್ಕಕ್ಕೆ ಮಡಗಿ ಮತ್ತೆ ಕೈ ಚಾಚಿದ್ರಂತೆ. ಪಾಯಸ ಕೊಟ್ರಂತೆ, ಅದನ್ನೂ ಪಕ್ಕಕ್ಕಿಟ್ರಂತೆ. ಊಟಕ್ಕೆ ಬಂದೋರು ಒಬ್ರು, ಪಾಪ ದುಡ್ಡು ಕೇಳ್ತಾವ್ನೆ ಅಂತ ಹತ್ತು ರೂಪಾಯಿ ಇಟ್ರಂತೆ. ಅದನ್ನ ಮಡಚಿ ರೊಟ್ಟಿ ಮೇಲಿಟ್ಟು ಮತ್ತೆ ಕೈ ಚಾಚಿದ್ರಂತೆ."

"ಎಷ್ಟೊತ್ತು?"

ಚಿಕ್ಕಮಾದು ಕೇಳಿದ. ಮುದುಕಿ ಬಾಗಿಲ ಹತ್ತಿರದ ಬಿಸಿಲು ತೋರಿಸಿದಳು, ಆಮೇಲೆ ಪಡಸಾಲೆಯ ಇನ್ನೊಂದು ತುದಿ ತೋರಿಸಿದಳು. ಬಿಸಿಲು ಅಲ್ಲಿಂದ ಇಲ್ಲಿಯವರೆಗೆ ಬರುವಷ್ಟು ಹೊತ್ತು.

"ಉಂಡ್ರಾ ಕೇಳು."

ಕೇಳುವುದು ಬೇಕಿರಲಿಲ್ಲ. ಮುದುಕಿ ಆಗಲೇ ತಲೆಯಾಡಿಸುತ್ತಿದ್ದಳು. ನೀರೂ ಮುಟ್ಟಲಿಲ್ಲವಂತೆ. ಕೊನೆಗೆ ಬೆಳ್ಳಿ ಡಬ್ಬಿಯನ್ನು ಅಂಗಿಯೊಳಗೆ ಹಾಕಿಕೊಂಡರಂತೆ. ಮಧ್ಯಾಹ್ನ ಇನ್ನೊಂದು ಗುಂಪಿನ ಹಸಿರು ಪೇಟದವರು ಊಟ ಮುಗಿಸಿ ತಮ್ಮ ಊರಿಗೆ ಹೊರಟರಂತೆ. ಇವರು ಎದ್ದು ಅವರ ಹಿಂದೆ ನಡೆದರಂತೆ. ಮುದುಕಿ ತೋಳು ಹಿಡಿದು ನಿಲ್ಲಿಸಿದ್ದಳಂತೆ, ಕೂತ್ಕೊ ಅಂದಳಂತೆ. ಅವರು ಶಾಲಿನ ಅಂಚು ಎತ್ತಿ ತೋರಿಸಿ, ಮುಂದೆ ಹೋಗುತ್ತಿದ್ದವರ ಕಡೆ ಕೈ ಮಾಡಿ, ನಗುನಗುತ್ತಾ ಏನೋ ಹೇಳಿದರಂತೆ. ಅಷ್ಟು ಧೈರ್ಯವಾಗಿ ಹೇಳಿದ್ದರಿಂದ ತಮ್ಮ ಜನ ಸಿಕ್ಕರು ಅಂದುಕೊಂಡು ಮುದುಕಿ ಕೈ ಬಿಟ್ಟಳಂತೆ.

"ಆ ಪೇಟದೋರು ಯಾವೂರೋರು ಕೇಳು. ಯಾವೂರಂತೆ?"

ಮುದುಕಿ ಎರಡೂ ಕೈ ಬಿಚ್ಚಿದಳು. ಹರಿಯಾಣವೋ, ರಾಜಸ್ಥಾನವೋ, ಅದರಾಚೆಯೋ. ದಿನಾ ಸಾವಿರ ಜನ ಉಣ್ಣುತ್ತಾರೆ, ಯಾರನ್ನೂ ಯಾವೂರು ಅಂತ ಕೇಳುವ ಪದ್ಧತಿ ಇಲ್ಲಿಲ್ಲ ಅಂದಳು. ಮಂಗಳಮ್ಮನ ಎರಡೂ ಕೈ ಹಿಡಿದುಕೊಂಡು ಅಳತೊಡಗಿದಳು. ಹಿಟ್ಟಿನ ಕೈ.

ಠಾಣೆಗೆ ಓಡಿ ಅದನ್ನೂ ಬರೆಸಿದರು. ಜಮಾದಾರ ನಾಲ್ಕು ರಾಜ್ಯಗಳಿಗೆ ಫೋಟೋ ಕಳಿಸುತ್ತೇನೆ ಅಂದ, ಸೋಮಶೇಖರನ ನಂಬರು ಇನ್ನೊಂದು ಸಲ ತೆಗೆದುಕೊಂಡ. ಅಷ್ಟರಲ್ಲಿ ರೈಲಿನ ಹೊತ್ತಾಯಿತು.

ಸ್ಟೇಷನ್ನಿನಲ್ಲಿ ಮಂಗಳಮ್ಮ ಗಂಟಿನ ಮೇಲೆ ಕೂತು, "ನಾನು ಬರಾಕಿಲ್ಲ" ಅಂದಳು. "ಆ ಕಂಬದ ಹತ್ರ ಕೂತಿರ್ತೀನಿ. ಅಲ್ಲಿಗೇ ತಿರುಗಿ ಬಂದ್ರೆ?"

"ಅಲ್ಲಿ ಆ ಯಮ್ಮನಿಗೆ ಹೇಳಿ, ಚೀಟಿ ಕೊಟ್ಟು ಬಂದಿದ್ದೀನಲ್ಲ ದೊಡ್ಡಮ್ಮ" ಅಂದ ಸೋಮಶೇಖರ್. "ನಿಮ್ಗೆ ಒಂದಕ್ಷರ ಹಿಂದಿ ಬರಲ್ಲ. ನಾಳಿಕ್ಕೆ ನಿಮ್ಮನ್ನ ಎಲ್ಲಿ ಹುಡುಕ್ಲಿ? ಊರಿಗೆ ಬುಟ್ಟು, ನಿಮ್ಮ ಮಗನ್ನ ಕರ್ಕೊಂಡು ಮುಂದಿನ ರೈಲಿಗೇ ಬತ್ತೀವಿ."

ಫೋನಿನಲ್ಲಿ ಪುಷ್ಪಾ. ಈಗ ಜಗಳವಿರಲಿಲ್ಲ. "ಬಂದ್ಬುಡವ್ವ. ನೀನಾದ್ರೂ ಬಾ" ಅಂತಷ್ಟೇ ಅನ್ನುತ್ತಿದ್ದಳು. ಆ 'ನೀನಾದ್ರೂ' ಅನ್ನುವ ಮಾತು ಮಂಗಳಮ್ಮನಿಗೆ ಎದೆಗೆ ಒದ್ದ ಹಾಗಾಯಿತು. ಮಗಳು ಆಗಲೇ ಅಪ್ಪನನ್ನು ಬಿಟ್ಟುಕೊಟ್ಟಿದ್ದಳು.

"ನಾನೇ ಹೇಳಿದ್ದು ಕಣವ್ವ" ಅಂದಳು ಫೋನಿಗೆ. "ಹಸಿರು ಶಾಲು ಬುಟ್ಟು ಹೋಗ್ಬೇಡಿ ಅಂತ. ಎಲ್ಲಾ ಮರೆಯೋ ಮನ್ಸ, ಅದೊಂದನ್ನ ಮರೀನಿಲ್ಲ."

ರೈಲು ಕೂಗಿತು. ಪ್ಲಾಟ್‌ಫಾರಂ ಮೇಲೆ ಕೂತಿದ್ದ ನಮ್ಮೂರ ಕಡೆಯ ಹಸಿರು ಶಾಲುಗಳೆಲ್ಲ ಒಟ್ಟಿಗೆ ಎದ್ದವು, ಗಂಟು ಹೊತ್ತುಕೊಂಡು ಬೋಗಿಯ ಬಾಗಿಲ ಕಡೆ ಹೊರಟವು. ಮಂಗಳಮ್ಮ ಹೋಗುವುದಿಲ್ಲ ಅಂತಲೇ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದಳು. ಆದರೆ ಸುತ್ತ ಗೊತ್ತಿದ್ದ ಬಣ್ಣವೆಲ್ಲ ಖಾಲಿಯಾಗಿ, ಗೊತ್ತಿಲ್ಲದ ಊರೊಂದೇ ಉಳಿಯುತ್ತಾ ಬಂದಾಗ ಅವಳ ಕಾಲು ತಾನಾಗಿ ಎದ್ದಿತು. ಮುಂದಿನ ಶಾಲಿನ ಹಿಂದೆ ನಡೆದಳು. ಅದು ಹತ್ತಿತು, ಇವಳೂ ಹತ್ತಿದಳು. ಬೋಗಿ ಜಗ್ಗಿ ಹೊರಟ ಮೇಲೆಯೇ ತಾನು ಹತ್ತಿದ್ದೇನೆ ಅಂತ ಅವಳಿಗೆ ಗೊತ್ತಾದದ್ದು. ಗೊತ್ತಾಗಿ, ಸೀಟಿನ ಕಂಬಿಗೆ ಹಣೆ ಜಜ್ಜಿಕೊಂಡಳು. ಚಿಕ್ಕಮಾದು ಕಂಬಿಗೂ ಹಣೆಗೂ ಮಧ್ಯೆ ತನ್ನ ಅಂಗೈ ಅಡ್ಡ ಇಟ್ಟುಕೊಂಡು ಕೂತ.

ಬೆಳಗಾಯಿತು. ಕಿಟಕಿಯಾಚೆ ಯಾರದೋ ಗೋದಿ ಹೊಲ, ಮುಗಿಯದ ಗೋದಿ ಹೊಲ. ಮಂಗಳಮ್ಮ ಎದ್ದು, ಪೂಜೆಯ ಚೀಲದಿಂದ ಚೊಂಬು ತೆಗೆದು, ಬೋಗಿಯ ನಲ್ಲಿಯಲ್ಲಿ ನೀರು ಹಿಡಿದು ತಂದಳು. ಇನ್ನೊಂದು ಕೈಯಲ್ಲಿ ವಿಭೂತಿ ಗಟ್ಟಿ. ಗಂಡನ ಸೀಟಿನ ಮುಂದೆ ಬಂದು ನಿಂತಳು. ಸೀಟಿನ ಮೇಲೆ ಒಗೆದು ಒಣಗಿಸಿದ ಅಂಗಿ ಮಡಚಿ ಇಟ್ಟಿತ್ತು.

"ಅಕ್ಕಾ, ಕೂತ್ಕಳಿ" ಅಂದ ಚಿಕ್ಕಮಾದು.

"ಇದು ಅವ್ರು ಕೈ ಚಾಚೋ ಹೊತ್ತು ಕಣಪ್ಪ" ಅಂದಳು ಮಂಗಳಮ್ಮ.

ಅವಳು ನಿಂತೇ ಇದ್ದಳು. ರೈಲು ವಾಲಿದಾಗಲೆಲ್ಲ ಚೊಂಬಿನ ನೀರು ತುಳುಕಿ ಕಾಲ ಮೇಲೆ, ನೆಲದ ಮೇಲೆ ಚೆಲ್ಲುತ್ತಿತ್ತು. ಬಿಸಿಲು ಕಿಟಕಿಯ ಈ ತುದಿಯಿಂದ ಆ ತುದಿಗೆ ಬಂದರೂ ಅವಳು ಕೂರಲಿಲ್ಲ. ನೀರು ಚೆಲ್ಲಿ ಚೆಲ್ಲಿ ಚೊಂಬಿನ ತಳ ಕಾಣುವ ಹೊತ್ತಿಗೆ, ಇನ್ನೊಂದು ಸಲ ನಲ್ಲಿಯ ಕಡೆ ಹೋದಳು.